ಭುವನೈಕಮಲ್ಲನ ಪದಚ್ಯುತಿ

ದಾವಣಗೆರೆ ಹರಿಹರಗಳ ಸುತ್ತಣ ಸೀಮೆಯ ಶಿಲಾಶಾಸನಗಳನ್ನು ರೈಸರು ಎಪಿಗ್ರಾಫಿಯ ಕರ್ಣಾಟಿಕದ 11ನೆಯ ಸಂಪುಟದಲ್ಲಿ ಒಟ್ಟುಗೂಡಿಸಿ ಅಚ್ಚುಮಾಡಿಸಿದ್ದಾರೆ. ಆ ಸಂಪುಟವನ್ನು ಕೈಗೆತ್ತಿಕೊಂಡವರಿಗೆ ಒಂದು ವಿಶೇಷವು ಬೇಗನೆ ಕಣ್ಣಿಗೆ ಬೀಳುತ್ತದೆ. 11ನೆಯ ಶತಮಾನದ ಕಡೆಯ ಕಾಲದಿಂದ ಮುಂದಕ್ಕೆ ಸುಮಾರು ಅರ್ಧ ಶತಮಾನದವರೆಗೆ ಇಲ್ಲಿಯ ಶಾಸನಕಾರರು ಹಲವೆಡೆ ಶಕವರ್ಷವನ್ನು ಬದಿಗಿಟ್ಟು, "ಚಾಲುಕ್ಯ ವಿಕ್ರಮ ವರ್ಷ"ವೆಂಬ ಹೊಸದೊಂದು ಗಣನೆಯನ್ನು ಹಿಡಿದಿದ್ದಾರೆ. ದೇವರಿಗೆ ಬಿಟ್ಟ ಗದ್ದೆಯಾಗಲಿ, ನಂದಾದೀವಿಗೆಗೆ ಕೊಟ್ಟ ಎಣ್ಣೆಯಾಗಲಿ, ತುರುಗಾಳೆಗದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲಾಗಲಿ, ಅದರ ತಿಥಿಯನ್ನು 1076ನೆಯ ಇಸವಿಯಿಂದ ಎಣಿಸಿ ಹೇಳಿದೆ. ಅದು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನು, ಅಂದರೆ ತ್ರಿಭುವನಮಲ್ಲನು, ಸಿಂಹಾಸನವನ್ನೇರಿದ ವರ್ಷ. ಏರಿದ ಬಗೆ ಯಾವುದೆಂದರೆ, ಒಡಹುಟ್ಟಿದ ಅಣ್ಣನೂ ಪಟ್ಟಾಭಿಷಿಕ್ತನೂ ಆಗಿದ್ದ ಎರಡನೆಯ ಸೋಮೇಶ್ವರನನ್ನು ಯುದ್ಧದಲ್ಲಿ ಸೋಲಿಸಿ, ಸೆರೆಯಲ್ಲಿಟ್ಟು, ಅವನ ಪೀಠದಲ್ಲಿ ತಾನು ಕುಳಿತುದು. ನಮ್ಮ ಹಿರಿಯರ ದಾನಧರ್ಮಗಳ ಕಾಲಗಣನೆಯೆಲ್ಲ ಒಬ್ಬ ತಮ್ಮನು ಅಣ್ಣನಿಗೆ ಮಾಡಿದ ದ್ರೋಹದ ದಿವಸದಿಂದ ಮೊದಲಾಗುತ್ತದೆ ಎಂದರೆ ತಪ್ಪಾಗಲಾರದು.

ಲೋಕೋಪಕಾರಿಯೆನಿಸಿಕೊಂಡವನ ಘೋರಾಪರಾಧವನ್ನು ಅವನ ಉಪಕಾರದ ದೆಸೆಯಿಂದ ಕ್ಷಮಿಸಬಹುದೆ ಎಂಬ ಪ್ರಶ್ನೆಯು ಪುರಾತನವಾದುದು; ಇಂದಿಗೂ ಮನೆಯ ಜಗಲಿಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಅದು ಏಳುತ್ತಲೇ ಇದೆ. ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ವಿಕ್ರಮಾದಿತ್ಯನಿಗಿಂತ ಒಳ್ಳೆಯ ನಿದರ್ಶನವು ಕರ್ಣಾಟಕದ ಇತಿಹಾಸದಲ್ಲಿ ದೊರೆಯುವುದು ಕಷ್ಟ. ಏಕೆಂದರೆ ಅವನ ಹಿರಿಮೆ ಹುಸಿಯಾದುದಲ್ಲ. 1076ರಿಂದ 1126ರವರೆಗೆ ಐವತ್ತು ವರ್ಷ ಅವನು ಆಳಿದನು. ಧರ್ಮಶಾಸ್ತ್ರದ ಮಹಾಗ್ರಂಥವಾದ ಮಿತಾಕ್ಷರೆಯನ್ನು ವಿಜ್ಞಾನೇಶ್ವರನು ಅವನ ರಾಜಧಾನಿಯಲ್ಲಿಯೇ ಬರೆದನು. ಇಟಗಿಯ ಮಹಾದೇವ ದೇವಾಲಯವು 1112ರಲ್ಲಿ ಎದ್ದು ನಿಂತುದು ಅವನ ಕಾಲದಲ್ಲಿ. ಡಂಬಳದಲ್ಲಿ ವರ್ತಕರು ಕಟ್ಟಿಸಿದ ಬೌದ್ಧವಿಹಾರಕ್ಕೆ 1095ರಲ್ಲಿ ದತ್ತಿಗಳು ನಡೆದುದೂ ಅವನ ಕಾಲದಲ್ಲಿಯೇ. ದೂರದ ಕಾಶ್ಮೀರದಿಂದ ಹೊರಟ ಬಿಲ್ಹಣ ಕವಿಯು ಉತ್ತರದ ಅರಸರ ಆಸ್ಥಾನಗಳನ್ನು ಸುತ್ತಿ ಕಡೆಗೆ ಇವನಲ್ಲಿಗೆ ಬಂದು ವಿದ್ಯಾಪತಿಯೆಂಬ ಪದವಿಯನ್ನು ಪಡೆದನು. ಆ ಕವಿಯು ಆನೆಯ ಮೇಲೆ ಛತ್ರವನ್ನು ಹಿಡಿಸಿಕೊಂಡು ಹೋಗುತ್ತಿದ್ದ ವೈಭವವನ್ನು ರಾಜತರಂಗಿಣಿಯ ಕಲ್ಹಣನೂ ಸ್ಮರಿಸಿದ್ದಾನೆ. ಇಂತಹ ಅರಸನನ್ನು ಕುರಿತು ಮಾತನಾಡುತ್ತಿದ್ದೇವೆ ಎಂಬುದನ್ನು ವಾಚಕರು ಮರೆಯಬಾರದು.

ನಡೆದುದನ್ನು ಮೊದಲಿನಿಂದ ನೋಡೋಣ. ಇವರ ತಂದೆಯಾದ ಆಹವಮಲ್ಲ ಸೋಮೇಶ್ವರನು ಗುಣವಾಗದ ಜ್ವರದಿಂದ ನರಳಿ, ಹರಿಹರವನ್ನು ದಾಟಿ ಕೆಳಗೆ ಹರಿಯುವ ತುಂಗಭದ್ರೆಯ ದಂಡೆಯ ಕುರುವತ್ತಿಯಲ್ಲಿ 1068ನೆಯ ಮಾರ್ಚಿ 29ರಂದು ನದಿಯಲ್ಲಿ ಇಳಿದು ಜಲಸಮಾಧಿಯನ್ನು ಹೊಂದಿದನು. ಎರಡು ವಾರಗಳೊಳಗೆ, ಏಪ್ರಿಲ್ 11ರಂದು, ಹಿರಿಯ ಮಗನಾದ ಸೋಮೇಶ್ವರನಿಗೆ ಭುವನೈಕಮಲ್ಲನೆಂಬ ಬಿರುದಿನೊಡನೆ ಪಟ್ಟವಾಯಿತು. ಹೊಸ ಅರಸನು ತಮ್ಮಂದಿರನ್ನು ನಡೆಸಿಕೊಂಡ ರೀತಿಯನ್ನು ಅದೇ ವರ್ಷದ ಬಳ್ಳಿಗಾವೆಯ ಶಾಸನವೊಂದು ತಿಳಿಸುತ್ತದೆ: ವಿಕ್ರಮಾದಿತ್ಯನಿಗೆ ಗಂಗಮಂಡಲವನ್ನೂ, ಕಿರಿಯ ತಮ್ಮನಾದ ಜಯಸಿಂಹನಿಗೆ ನೊಳಂಬ ಸಿಂದವಾಡಿಯನ್ನೂ ವಹಿಸಿಕೊಟ್ಟನಂತೆ. ನೊಳಂಬವಾಡಿಯೆಂದರೆ ದಾವಣಗೆರೆಯ ನಮ್ಮ ಈ ನೆಲವನ್ನೂ ಒಳಗೊಂಡ ನಾಡು. ತಮ್ಮಂದಿರನ್ನು ಹಗೆಗಳೆಂದು ಎಣಿಸುವ ಅರಸನು ಪಟ್ಟವೇರಿದ ವರ್ಷದಲ್ಲಿಯೇ ಅವರ ಕೈಗೆ ಇಷ್ಟು ದೊಡ್ಡ ನಾಡುಗಳನ್ನು ಒಪ್ಪಿಸುವನೆ?

ಆದರೆ ವಿಕ್ರಮಾದಿತ್ಯನಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಜಯಸಿಂಹನನ್ನು ಜೊತೆಗೂಡಿಸಿಕೊಂಡು ಅಣ್ಣನಿಂದ ಬೇರೆಯಾದನು. ತುಂಗಭದ್ರೆಯ ತೀರದಲ್ಲಿ ದಂಡನ್ನಿಳಿಸಿದನು. ತಂದೆಯು ಜೀವಮಾನವೆಲ್ಲ ಯಾರೊಡನೆ ಹೋರಾಡಿದ್ದನೋ ಆ ಚೋಳರ ಅರಸನಾದ ವೀರರಾಜೇಂದ್ರನೊಡನೆ ಸಂಧಿಮಾಡಿಕೊಂಡು ಅವನ ಮಗಳನ್ನು ವರಿಸಿದನು. ಈ ಮದುವೆಯೂ ತುಂಗಭದ್ರೆಯ ದಂಡೆಯ ಮೇಲೆಯೇ ನಡೆಯಿತೆಂದು ಬಿಲ್ಹಣನು ಹೇಳುತ್ತಾನೆ. ತಂದೆಯು ದೇಹವನ್ನು ಬಿಟ್ಟ ಹೊಳೆಯ ತಡಿಯಲ್ಲಿಯೇ ಮಗನು ತಂದೆಯ ಹಗೆಯ ಮಗಳನ್ನು ಕೈಹಿಡಿದನೆಂಬುದು ಕವಿಗೆ ಬೇರೊಂದು ಸಂದರ್ಭದಲ್ಲಾದರೆ ವರ್ಣಿಸುವುದಕ್ಕೆ ಒಳ್ಳೆಯ ವಸ್ತುವಾಗುತ್ತಿತ್ತು! ಬಿಲ್ಹಣನ ಮಾತಿನಂತೆ ಚೋಳನು ತಾನಾಗಿ ಬಂದು ಮಗಳನ್ನು ಒಪ್ಪಿಸಿದನು. ವೀರರಾಜೇಂದ್ರನ ಶಾಸನಗಳ ಮಾತೇ ಬೇರೆ; ಚಾಲುಕ್ಯ ವಿಕ್ರಮಾದಿತ್ಯನ ಕೊರಳಿಗೆ ಕಂಠಿಕೆಯನ್ನು ಕಟ್ಟಿ ರಟ್ಟಪಾಡಿ ಏಳೂವರೆ ಲಕ್ಷವನ್ನು ಅವನಿಗೆ ದಯಪಾಲಿಸಿದುದಾಗಿ ಅವು ಹೇಳಿಕೊಳ್ಳುತ್ತವೆ. ಎರಡು ಕಡೆಯ ಉಬ್ಬರವನ್ನೂ ಕಳೆದು ನೋಡಿದರೆ ಉಳಿಯುವುದು ಇಷ್ಟು: ಅಣ್ಣನ ಮೇಲೆ ಕೈಮಾಡುವುದಕ್ಕೆ ತಮ್ಮನು ನಾಡಿನ ಶತ್ರುವಿನ ಆಸರೆಯನ್ನು ಪಡೆದನು.

1070ರಲ್ಲಿ ವೀರರಾಜೇಂದ್ರನು ತೀರಿಕೊಂಡನು. ಅವನ ಮಗನನ್ನು ವಿಕ್ರಮಾದಿತ್ಯನು ಕಂಚಿಗೆ ಹೋಗಿ ಪಟ್ಟದಲ್ಲಿ ಕೂರಿಸಿ ಬಂದರೂ, ಸ್ವಲ್ಪ ಕಾಲದಲ್ಲಿಯೇ ಆ ಹುಡುಗನು ಹತನಾಗಿ ವೆಂಗಿಯ ರಾಜಿಗನು, ಎಂದರೆ ಮೊದಲನೆಯ ಕುಲೋತ್ತುಂಗನು, ಚೋಳಸಿಂಹಾಸನವನ್ನು ಹಿಡಿದನು. ಸಹಜವಾಗಿಯೇ ಇವನು ವಿಕ್ರಮಾದಿತ್ಯನ ಹಗೆ. ಆದುದರಿಂದ ಸೋಮೇಶ್ವರನಿಗೆ ಮಿತ್ರ. ಕಡೆಯ ಯುದ್ಧದಲ್ಲಿ ರಾಜಿಗನು ಹಿಮ್ಮೆಟ್ಟಿದನು, ಸೋಮೇಶ್ವರನು ಸೆರೆಸಿಕ್ಕಿದನು. ದಾವಣಗೆರೆಗೆ ಸಮೀಪದ ಉಚ್ಚಂಗಿದುರ್ಗದಿಂದ ನೊಳಂಬವಾಡಿಯನ್ನು ಆಳಿದ ಪಾಂಡ್ಯರು ಇಲ್ಲಿಯ ಶಾಸನಗಳಲ್ಲಿ "ರಾಜಿಗ ಚೋಳ ಮನೋಭಂಗ"ರೆಂದು ಹೊಗಳಿಸಿಕೊಂಡಿದ್ದಾರೆ. ಅದು ಈ ಹಗೆತನದ ನೆನಪೇ. ಗೆದ್ದವನ ಪಕ್ಷದಲ್ಲಿ ನಮ್ಮ ಸೀಮೆಯ ಒಡೆಯರೂ ಇದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಇಂದು ದಾವಣಗೆರೆಯ ಊರೊಳಗೇ ಸೇರಿರುವ ಆನೆಕೊಂಡದ ಈಶ್ವರ ದೇವಾಲಯದ ಚೆಲುವಾದ ಕೆತ್ತನೆಯೂ ಆ ಪಾಂಡ್ಯರ ಕಾಲದ್ದೆ. ಸೋಮೇಶ್ವರನ ಹೆಸರು ಮಾತ್ರ 1076ರ ತರುವಾಯ ಶಾಸನಗಳಿಂದ ಮಾಯವಾಗುತ್ತದೆ.

ಇನ್ನು ಈ ಕೃತ್ಯಕ್ಕೆ ಕೊಟ್ಟ ಸಮಾಧಾನವನ್ನು ವಿಚಾರಿಸೋಣ. ಬಿಲ್ಹಣನ ವಿಕ್ರಮಾಂಕದೇವಚರಿತವು ಬಹುಕಾಲ ಮರೆಯಾಗಿದ್ದು, 1874ರಲ್ಲಿ ಜೈಸಲ್ಮೇರಿನ ಜೈನಭಂಡಾರದಲ್ಲಿ ಬ್ಯೂಲರ್ ಪಂಡಿತನ ಕಣ್ಣಿಗೆ ಬಿದ್ದು, ಮರುವರ್ಷ ಮುಂಬಯಿಯಲ್ಲಿ ಅಚ್ಚಾಯಿತು. ಅದರಲ್ಲಿ ಕವಿಯು ತನ್ನ ಒಡೆಯನ ಪರವಾಗಿ ವಕಾಲತ್ತು ನಡೆಸುವ ಬಗೆಯು ಬಹಳ ಸ್ವಾರಸ್ಯವಾಗಿದೆ. ತಂದೆಯು ವಿಕ್ರಮನನ್ನೇ ಯುವರಾಜನನ್ನಾಗಿ ಮಾಡಬೇಕೆಂದಿದ್ದನಂತೆ. ಹಿರಿಯನಿರುವಾಗ ತನಗೆ ಸಲ್ಲದೆಂದು ವಿಕ್ರಮನೇ ಬೇಡವೆಂದನಂತೆ. ಅಣ್ಣನು ಅರಸನಾದ ಮೇಲೆ ಮದದಿಂದ ಕೆಟ್ಟನು, ಪ್ರಜೆಗಳನ್ನು ಪೀಡಿಸಿದನು, ತಮ್ಮನನ್ನು ಶಂಕಿಸಿದನು. ಇಷ್ಟಾದರೂ ವಿಕ್ರಮನಿಗೆ ಅಣ್ಣನೊಡನೆ ಕಾದುವ ಮನಸ್ಸಿಲ್ಲ. ಸಾಕ್ಷಾತ್ ಪರಶಿವನು ಕನಸಿನಲ್ಲಿ ಬಂದು ಕಾದೆಂದು ಆಜ್ಞಾಪಿಸಬೇಕಾಯಿತು. ಗೆದ್ದ ಮೇಲೆ ರಾಜ್ಯವನ್ನು ಅಣ್ಣನಿಗೆ ಮರಳಿ ಕೊಟ್ಟುಬಿಡುವೆನೆಂದರೆ ಶಿವನು ಪುನಃ ಬಂದು, ಈ ಸಲ ಕೋಪದಿಂದ, ನೀನೇ ಆಳೆಂದನಂತೆ.

ಈ ಕಥೆಯನ್ನು ನಂಬಬೇಕಾದುದಿಲ್ಲ. ಆದರೆ ಅದು ಅರ್ಥವಿಲ್ಲದ ಕಥೆಯೂ ಅಲ್ಲ. ಆ ಕಾಲದಲ್ಲಿ ದಾಯಾದಿ ಕಲಹಗಳು ಸಾಮಾನ್ಯವಾಗಿದ್ದುವು, ಬಲಿಷ್ಠನಾದವನು ಪಟ್ಟವನ್ನು ಕಿತ್ತುಕೊಳ್ಳುವುದನ್ನು ಯಾರೂ ಅಪರಾಧವೆಂದು ಎಣಿಸುತ್ತಿರಲಿಲ್ಲ, ಆದುದರಿಂದ ಇಂದಿನ ಅಳತೆಗೋಲನ್ನು ಅಂದಿಗೆ ಹಿಡಿಯಬಾರದು ಎಂದು ಹೇಳುವವರಿದ್ದಾರೆ. ಅವರಿಗೆ ಬಿಲ್ಹಣನೇ ಉತ್ತರ ಕೊಡುತ್ತಾನೆ. ಅಪರಾಧವೇ ಅಲ್ಲದಿದ್ದರೆ ಕೈಲಾಸದಿಂದ ದೇವರನ್ನು ಎರಡು ಸಲ ಇಳಿಸಿ ತರುವ ಶ್ರಮವು ಕವಿಗೇಕೆ ಬೇಕಾಗಿತ್ತು? ಹಿರಿಯನ ಹಕ್ಕು ಹಿರಿಯನಿಗೆ ಎಂದು ನಾಯಕನ ಬಾಯಿಂದಲೇ ಹೇಳಿಸಿ, ಆಮೇಲೆ ಅದೇ ಹಕ್ಕನ್ನು ಮುರಿದವನನ್ನು ಸಮರ್ಥಿಸಬೇಕಾದುದರಿಂದ ಅವನಿಗೆ ಆ ಪಾಡು ಬಂದಿತು. ಓದುವವರ ಮನಸ್ಸಿನಲ್ಲಿ ಆಕ್ಷೇಪಣೆಯಿದ್ದಿತೆಂಬುದಕ್ಕೆ ಈ ಸಮಾಧಾನಕ್ಕಿಂತ ಬೇರೆ ಸಾಕ್ಷ್ಯವು ಬೇಡ. ಅಂದಿನವರಿಗೂ ಅದು ದ್ರೋಹವೆಂದೇ ತೋರಿತ್ತು. ಇದಲ್ಲದೆ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನೂ, ಮಾನಸೋಲ್ಲಾಸವನ್ನು ರಚಿಸಿದ ಆ ವಿದ್ವಾಂಸನೇ, ತಂದೆಯ ಚರಿತ್ರೆಯನ್ನು ವಿಕ್ರಮಾಂಕಾಭ್ಯುದಯವೆಂದು ಗದ್ಯದಲ್ಲಿ ಬರೆಯಲು ಹೊರಟನು. ಗೆದ್ದವನಿಗೆ ಆಸ್ಥಾನಕವಿಯೊಬ್ಬ, ಮಗನೊಬ್ಬ ಹೀಗೆ ಇಬ್ಬರು ಚರಿತ್ರಕಾರರು. ಸೋತವನ ಪರವಾಗಿ ನುಡಿಯುವುದಕ್ಕೆ ಅವನ ಎಂಟು ವರ್ಷದ ದಾನಶಾಸನಗಳು ಮಾತ್ರ ಉಳಿದಿವೆ. ಬಂದಣಿಕೆಯ ಶಾಂತಿನಾಥ ಬಸದಿಗೆ ಅವನು ಬಿಟ್ಟ ದತ್ತಿಯೂ ಅಂತಹುದೊಂದು. ಪ್ರಜಾಪೀಡಕನೆಂಬ ಹೆಸರಿಗೆ ಅವುಗಳಲ್ಲಿ ಆಧಾರ ಕಾಣುವುದಿಲ್ಲ. ದಾನಶಾಸನವು ತನ್ನ ಅರಸನನ್ನು ದೂಷಿಸುವುದಿಲ್ಲವೆಂಬುದು ನಿಜವೇ. ಆದರೂ ಸೆರೆಯಾಳಿನ ದುರ್ಗುಣಗಳನ್ನು ಸೆರೆಯಿಟ್ಟವನ ಸಂಬಳದ ಕವಿಯ ಬಾಯಿಂದ ಮಾತ್ರ ಕೇಳಿ ತೀರ್ಪು ಕೊಡುವುದು ಯಾವ ನ್ಯಾಯ?

ಇದಂತಿರಲಿ. ಇದರ ಮುಂದಿನ ಕಥೆಯು ಇನ್ನೂ ಬೋಧಪ್ರದವಾಗಿದೆ. ಅಣ್ಣನ ಪಕ್ಷವನ್ನು ಬಿಟ್ಟು ವಿಕ್ರಮನಿಗೆ ನೆರವಾದ ಜಯಸಿಂಹನಿಗೆ ಬನವಾಸಿ ಪನ್ನಿರ್ಛಾಸಿರ ಮೊದಲಾದ ನಾಡುಗಳು ಬಹುಮಾನವಾಗಿ ಬಂದುವು. ತ್ರೈಲೋಕ್ಯಮಲ್ಲ ವೀರನೊಳಂಬನೆಂಬ ಹೆಸರಿನಿಂದ ಅವನು ಅರಸನಷ್ಟೇ ಠೀವಿಯಿಂದ ಆಳಿದನು. ಕೆಲವು ವರ್ಷಗಳು ಕಳೆದುವು. 1083ರ ಸುಮಾರಿನಲ್ಲಿ ಅವನಿಗೂ ಕಲ್ಯಾಣದ ಸಿಂಹಾಸನದ ಮೇಲೆ ಕಣ್ಣು ಬಿದ್ದಿತು. ಹಣವನ್ನು ಕೂಡಿಹಾಕಿದನು, ಕಾಡಿನ ಜನರನ್ನು ಸೇರಿಸಿದನು, ದಕ್ಷಿಣದ ಚೋಳನ ಸ್ನೇಹವನ್ನು ಬೆಳೆಸಿದನು. ಒಂದೊಂದನ್ನೂ ಹೋಲಿಸಿ ನೋಡಿ: ವಿಕ್ರಮನು ಸೋಮೇಶ್ವರನಿಗೆ ಮಾಡಿದುದಕ್ಕೂ ಜಯಸಿಂಹನು ವಿಕ್ರಮನಿಗೆ ಮಾಡಲೆಳಸಿದುದಕ್ಕೂ ಎಳ್ಳಷ್ಟು ಭೇದವಿಲ್ಲ. ಹೊಳೆಯೊಂದೇ ಬೇರೆ, ಈ ಸಲದ ಯುದ್ಧವು ಕೃಷ್ಣೆಯ ತೀರದಲ್ಲಾಯಿತು. ಜಯಸಿಂಹನು ಸೋತು ಸೆರೆಯಾದನು. ಅದೇ ಬಿಲ್ಹಣನು ಅದೇ ಕಾವ್ಯದಲ್ಲಿ, ಕೆಲವೇ ಸರ್ಗಗಳ ಅಂತರದಲ್ಲಿ, ಜಯಸಿಂಹನನ್ನು ಕೃತಘ್ನನೆಂದೂ ಪ್ರಜೆಗಳನ್ನು ಸುಲಿದವನೆಂದೂ ಚಿತ್ರಿಸುತ್ತಾನೆ. ಅವನ ಕನಸಿನಲ್ಲಿ ಯಾವ ದೇವರೂ ಬರಲಿಲ್ಲ.

ಅಂದ ಮೇಲೆ, ಕ್ಷಮೆಗೆ ಕಾರಣವಾದುದು ಯಾವುದು? ಗುಣವೆಂದು ಹೇಳುತ್ತೇವೆ, ಆದರೆ ಗುಣವು ಪ್ರಕಟವಾದುದು ಆಮೇಲೆ. 1076ರಲ್ಲಿ ಮಿತಾಕ್ಷರೆಯೂ ಇರಲಿಲ್ಲ, ಇಟಗಿಯ ಗುಡಿಯೂ ಇರಲಿಲ್ಲ, ಐವತ್ತು ವರ್ಷಗಳ ಆಳಿಕೆಯೂ ಇರಲಿಲ್ಲ. ಇದ್ದುದು ಗೆಲವು ಒಂದೇ. ಗೆದ್ದವನಿಗೆ ಗುಣವನ್ನು ತೋರುವುದಕ್ಕೆ ಐವತ್ತು ವರ್ಷಗಳ ಅವಕಾಶ ದೊರೆಯಿತು. ಸೋಮೇಶ್ವರನಿಗೆ ಎಂಟು ವರ್ಷ. ಜಯಸಿಂಹನಿಗೆ ಒಂದು ದಿವಸವೂ ಇಲ್ಲ. ಸೆರೆಯಲ್ಲಿ ಕೊಳೆತವನು ಏನೇನು ಮಾಡುತ್ತಿದ್ದನೆಂಬುದನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಇದಲ್ಲದೆ ನಾವು ವಿಕ್ರಮನ ಲೆಕ್ಕಕ್ಕೆ ಜಮೆಮಾಡುವ ಹಿರಿಮೆಯಲ್ಲಿ ಬಹುಭಾಗವು ಪರರದು. ಮಿತಾಕ್ಷರೆಯು ವಿಜ್ಞಾನೇಶ್ವರನ ಪಾಂಡಿತ್ಯದ ಫಲ. ಇಟಗಿಯ ಗುಡಿಯನ್ನು ಕಟ್ಟಿಸಿದವನು ಮಹಾದೇವ ದಂಡನಾಯಕ. ಕಡೆದವರು ಹೆಸರಿಲ್ಲದ ಓಜರು. ಡಂಬಳದ ವಿಹಾರವು ಸೆಟ್ಟಿಗಳ ಹಣದಿಂದಾದುದು. ಭುವನೈಕಮಲ್ಲನು ಆಳುತ್ತಿದ್ದರೆ ಇವರ ಕೈಗಳು ಸುಮ್ಮನಿರುತ್ತಿದ್ದುವೆ? ರಾಜನು ನೆರಳಾಗಿದ್ದನೆಂಬುದನ್ನು ಒಪ್ಪೋಣ. ನೆರಳಿನಲ್ಲಿ ಬೆಳೆದ ಪೈರನ್ನೆಲ್ಲ ಮರದ ಫಲವೆಂದು ಎಣಿಸಿ, ಆ ಫಲದ ದೆಸೆಯಿಂದ ಮರದ ಬೇರಿನಡಿಯ ಹೆಣವನ್ನು ಮರೆಯಬೇಕೆಂದರೆ ಒಪ್ಪುವುದು ಕಷ್ಟ.

ವಿಜ್ಞಾನೇಶ್ವರನ ಹೆಸರು ಬಂದುದರಿಂದ ಅವನ ಗ್ರಂಥವು ಈ ವಿಷಯದಲ್ಲಿ ಏನನ್ನುವುದೆಂಬುದನ್ನು ನೋಡುವುದು ಉಚಿತವಾಗಿದೆ. ಬಂಗಾಳವೇ ಮೊದಲಾದ ಕೆಲವು ಪ್ರಾಂತಗಳನ್ನುಳಿದು ಭರತಖಂಡದ ಹಿಂದೂ ಮನೆತನಗಳ ಆಸ್ತಿಯ ಹಕ್ಕನ್ನು 1956ರ ಉತ್ತರಾಧಿಕಾರದ ಕಾಯಿದೆ ಬರುವವರೆಗೂ ನಿರ್ಣಯಿಸುತ್ತಿದ್ದುದು ಮಿತಾಕ್ಷರೆ. ನಮ್ಮ ವಾಚಕರ ಮನೆಗಳಲ್ಲಿಯೂ ಹಳೆಯ ವಿಭಾಗಪತ್ರಗಳಿದ್ದರೆ ಅವುಗಳ ಹಿಂದೆ ಅದರ ನಿಯಮಗಳಿವೆ. ಅದು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯಸ್ಮೃತಿಯ ರಾಜಧರ್ಮ ಪ್ರಕರಣದಲ್ಲಿ ಒಂದು ವಿಧಿಯಿದೆ: ಧರ್ಮದಿಂದ ಜಾರಿದವನಿಗೆ ರಾಜನೊಡನೆ ರಕ್ತಸಂಬಂಧವಿರುವುದಾಗಲಿ ಅವನು ಪೂಜ್ಯನಾಗಿರುವುದಾಗಲಿ ಶಿಕ್ಷೆಯಿಂದ ಬಿಡುಗಡೆಯನ್ನು ತರಲಾರದೆಂದು ಅದರ ತಾತ್ಪರ್ಯ. ವ್ಯವಹಾರಾಧ್ಯಾಯದ ಮೊದಲಿನಲ್ಲಿಯೇ ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ನ್ಯಾಯವನ್ನು ತಿರುಚಿದ ಸಭ್ಯರಿಗೆ ವ್ಯಾಜ್ಯದ ಎರಡರಷ್ಟು ದಂಡವೆಂದು ಹೇಳಿದೆ. ರಾಗವೆಂದರೆ ಪ್ರೀತಿ. ಲಂಚವನ್ನು ತಿಂದ ನ್ಯಾಯಾಧಿಪತಿಯ ಜೊತೆಯಲ್ಲಿ ಮೆಚ್ಚುಗೆಗೆ ಸೋತ ನ್ಯಾಯಾಧಿಪತಿಯನ್ನೂ ಸ್ಮೃತಿಕಾರನು ನಿಲ್ಲಿಸಿರುವುದು ಗಮನಾರ್ಹವಾಗಿದೆ. ಈ ಸಂದರ್ಭದಲ್ಲಿಯೇ ವಿಜ್ಞಾನೇಶ್ವರನಿಗೆ ಗೌತಮನ ಧರ್ಮಸೂತ್ರದ ಮಾತೊಂದು ಅಡ್ಡಬರುತ್ತದೆ. ವೇದವೇದಾಂಗಗಳನ್ನೂ ಇತಿಹಾಸ ಪುರಾಣಗಳನ್ನೂ ಲೋಕವ್ಯವಹಾರವನ್ನೂ ಬಲ್ಲ ಬಹುಶ್ರುತನನ್ನು ಹೊಡೆಯಬಾರದು, ಕಟ್ಟಬಾರದು, ದಂಡಿಸಬಾರದು, ಗಡೀಪಾರು ಮಾಡಬಾರದು ಎಂದು ಮುಂತಾಗಿ ಆರು ವಿನಾಯಿತಿಗಳನ್ನು ಗೌತಮನು ಕೊಡುತ್ತಾನೆ. ಸಮಾಜಕ್ಕೆ ಬೇಕಾದವನೆಂಬ ಕಾರಣದಿಂದ ಅಪರಾಧಿಯನ್ನು ಬಿಡಬೇಕೆಂಬ ವಾದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ಬೆಂಬಲವು ಸಿಕ್ಕಲಾರದು. ವಿಜ್ಞಾನೇಶ್ವರನು ಅದನ್ನು ಅಳಿಸಿಹಾಕಲಿಲ್ಲ, ಅಂತಹ ಧೈರ್ಯವು ಭಾಷ್ಯಕಾರರಿಗೆ ಇರುವುದಿಲ್ಲ. ಆದರೆ ಆ ಮಾತು ನಿಜವಾದ ಬಹುಶ್ರುತನಿಗೆ ಮಾತ್ರ, ಬ್ರಾಹ್ಮಣರಾದವರಿಗೆಲ್ಲ ಅಲ್ಲ ಎಂದು ಬಾಗಿಲನ್ನು ಕಿರಿದುಮಾಡಿದನು. ಇಷ್ಟರಿಂದ ಆ ಶಾಸ್ತ್ರವು ನಿರ್ದೋಷವಾಯಿತೆಂದಲ್ಲ. ವರ್ಣಕ್ಕೊಂದು ಶಿಕ್ಷೆಯನ್ನು ಹೇಳುವ ಅದರ ವಿಧಿಗಳನ್ನು, ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು 1950ರ ಸಂವಿಧಾನದ 14ನೆಯ ಅನುಚ್ಛೇದವು ಸಾರಿದ ಮೇಲೆ ಯಾರೂ ಎತ್ತಿ ಆಡಲಾರರು. ಆದರೂ, ಅಣ್ಣನನ್ನು ಸೆರೆಯಲ್ಲಿಟ್ಟವನ ರಾಜಧಾನಿಯಲ್ಲಿ, ಅವನನ್ನು ಕೊನೆಯಲ್ಲಿ ಮನಸಾರ ಹರಸಿದ ಗ್ರಂಥದಲ್ಲಿಯೇ, ಈ ಮಾತುಗಳು ಇವೆ. ಅರಸನು ಓದಿದ್ದನೋ ಏನೋ!

ನಮ್ಮ ಹರಿಹರದ ಸ್ಥಳಪುರಾಣವೂ ಇದೇ ತೊಡಕನ್ನು ತನ್ನ ರೀತಿಯಲ್ಲಿ ಬಿಡಿಸಿದೆ. ಗುಹಾಸುರನು ಘೋರವಾದ ತಪಸ್ಸನ್ನು ಮಾಡಿ ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವಿಲ್ಲವೆಂಬ ವರವನ್ನು ಪಡೆದನು. ತಪಸ್ಸು ಸುಳ್ಳಲ್ಲ, ವರವೂ ನ್ಯಾಯವಾಗಿ ಗಳಿಸಿದುದು. ಅದರ ಮರೆಯಲ್ಲಿ ಅವನು ಲೋಕವನ್ನು ಕಾಡತೊಡಗಿದಾಗ ದೇವರುಗಳು ಅವನ ತಪಸ್ಸನ್ನು ಇಲ್ಲವೆನ್ನಲಿಲ್ಲ. ಕೊಟ್ಟ ವರವನ್ನು ಮುರಿಯಲೂ ಇಲ್ಲ. ಇಬ್ಬರೂ ಒಂದೇ ಮೂರ್ತಿಯಾಗಿ ಬಂದು ಅವನನ್ನು ಕೊಂದರು. ಸಾಯುವಾಗ ಅವನು ಬೇಡಿಕೊಂಡಂತೆ ಆ ಸ್ಥಳಕ್ಕೆ ಗುಹಾರಣ್ಯವೆಂಬ ಹೆಸರನ್ನೂ ಕೊಟ್ಟರು. ಹೊಯ್ಸಳ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಇಂದಿಗೂ ನಾವು ಕೈಮುಗಿಯುವುದು ಆ ಮೂರ್ತಿಗೇ.

ಅಪರಾಧವನ್ನು ಮಾಡಿದ ದೊರೆಯೆಲ್ಲ ಕವಿಯ ಮರೆಯಲ್ಲಿಯೇ ಅಡಗಬೇಕೆಂದಿಲ್ಲ. ನೆರೆಯ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ಯಾವ ಅಶೋಕನ ಲಘುಶಾಸನವನ್ನು ರೈಸರು 1892ರಲ್ಲಿ ಕಂಡುಹಿಡಿದರೋ, ಆ ಅಶೋಕನು ತನ್ನ 13ನೆಯ ಬಂಡೆಗಲ್ಲು ಶಾಸನದಲ್ಲಿ ಕಳಿಂಗಯುದ್ಧದ ಲೆಕ್ಕವನ್ನು ತಾನೇ ಬರೆಯಿಸಿದ್ದಾನೆ: ಸೆರೆಹಿಡಿದು ಒಯ್ದವರು ಒಂದೂವರೆ ಲಕ್ಷ, ಹತರಾದವರು ಒಂದು ಲಕ್ಷ, ಇತರ ರೀತಿಯಿಂದ ಸತ್ತವರು ಅದರ ಹಲವುಮಡಿ. ದೇವರು ಹೇಳಿದನೆಂದು ಅಲ್ಲಿಲ್ಲ. ಪಶ್ಚಾತ್ತಾಪವಿದೆ. ಕಳಿಂಗದೊಳಗಿನ ಧೌಲಿ ಜೌಗಡಗಳಲ್ಲಿ ಮಾತ್ರ ಆ ಶಾಸನವನ್ನು ಕೆತ್ತಿಸಲಿಲ್ಲವೆಂಬುದನ್ನೂ, ಗೆದ್ದ ನಾಡನ್ನು ಅವನು ಮರಳಿ ಕೊಡಲಿಲ್ಲವೆಂಬುದನ್ನೂ ಹೇಳದಿದ್ದರೆ ನಾನೂ ಆಸ್ಥಾನಕವಿಯಾದೇನು. ಆದರೂ ಅಶೋಕನ ವಿಷಯದಲ್ಲಿ ತೀರ್ಪು ಕೊಡುವವನಿಗೆ ಬೇಕಾದ ಅಂಕಿಯು ಅಪರಾಧಿಯ ಕೈಯಿಂದಲೇ ದೊರೆಯುತ್ತದೆ. ಕಲ್ಯಾಣದ ಯುದ್ಧದಲ್ಲಿ ಎಷ್ಟು ಜನ ಕನ್ನಡಿಗರು ಕನ್ನಡಿಗರ ಕೈಯಿಂದ ಸತ್ತರೆಂಬುದನ್ನು ವಿಕ್ರಮಾದಿತ್ಯನು ಯಾವ ಕಲ್ಲಿನ ಮೇಲೆಯೂ ಬರೆಯಿಸಲಿಲ್ಲ.

ವಿಕ್ರಮನ ಐವತ್ತು ವರ್ಷಗಳ ಕೀರ್ತಿಯನ್ನು ಅಳಿಸಬೇಕೆಂದು ಯಾರೂ ಹೇಳುತ್ತಿಲ್ಲ. ಜಮೆಯನ್ನು ಜಮೆಯಲ್ಲಿ, ಖರ್ಚನ್ನು ಖರ್ಚಿನಲ್ಲಿ ಬರೆಯುವುದು ನಮ್ಮ ಪೇಟೆಯ ಚಿಕ್ಕ ಅಂಗಡಿಯವನೂ ಬಲ್ಲ ಕ್ರಮ. ಒಂದನ್ನು ತೋರಿಸಿ ಇನ್ನೊಂದನ್ನು ಹೊಡೆದುಹಾಕಿದರೆ ಅದು ಖಾತೆಯೇ ಅಲ್ಲ. ಕ್ಷಮೆಯು ಇಲ್ಲವೆಂದೂ ಅಲ್ಲ. ಕ್ಷಮಿಸುವ ಅಧಿಕಾರವಿದ್ದುದು ಸೆರೆಮನೆಯಲ್ಲಿದ್ದ ಸೋಮೇಶ್ವರನಿಗೆ. ರಣರಂಗದಲ್ಲಿ ಬಿದ್ದವರ ಹೆಂಡಿರು ಮಕ್ಕಳಿಗೆ. ಗುಡಿಯ ಕೆತ್ತನೆಯನ್ನು ನೋಡಿ ತಣಿದ ನಾವು, ನಮಗೆ ತಗಲದ ಗಾಯವನ್ನು, ಒಂಬತ್ತು ಶತಮಾನಗಳ ಈಚೆಗೆ ನಿಂತು ಮನ್ನಿಸಿದೆವೆನ್ನುವುದು ಸುಲಭವಾದ ಔದಾರ್ಯ.

ವಿಕ್ರಮನು ತೀರಿಕೊಂಡ ಮೂವತ್ತು ವರ್ಷಗಳಿಗೆ ಅವನ ಮೊಮ್ಮಗನಾದ ಮೂರನೆಯ ತೈಲಪನ ಕಾಲದಲ್ಲಿ, ಚಾಲುಕ್ಯರ ಮಾಂಡಲಿಕನೇ ಆದ ಕಳಚುರಿ ಬಿಜ್ಜಳನು ಕಲ್ಯಾಣವನ್ನು ಕೈವಶಮಾಡಿಕೊಂಡನು. ಬಿಜ್ಜಳನೂ ಅಸಮರ್ಥನಲ್ಲ, ತೈಲಪನು ದುರ್ಬಲನೆಂಬುದೂ ಸುಳ್ಳಲ್ಲ. ಸಮರ್ಥನಾದವನಿಗೆ ಸಿಂಹಾಸನವು ಸಲ್ಲಬೇಕೆಂಬ ವಾದವನ್ನು ಚಾಲುಕ್ಯರ ಮನೆಯವರು ಈಗ ಹೇಗೆ ಅಲ್ಲಗಳೆಯಬೇಕು? ಎಂಬತ್ತು ವರ್ಷಗಳ ಹಿಂದೆ ಅದನ್ನು ಕಾವ್ಯವಾಗಿ ಹಾಡಿಸಿದವರು ಅವರೇ. ಹೊಸಬನೂ ಹಳಬನ ಮೇಲ್ಪಂಕ್ತಿಯಂತೆ ಶಾಸನಗಳಲ್ಲಿ ತನ್ನ ಆಳಿಕೆಯ ವರ್ಷಗಳನ್ನು ಎಣಿಸತೊಡಗಿದನು. ಹಿಂದಿನ ವಿಕ್ರಮಾದಿತ್ಯ ನಂದರನ್ನು ಮೀರಿ ಉಳಿಯಬೇಕೆಂದು ಶಕವರ್ಷವನ್ನೇ ತಳ್ಳಿ ನಿಲ್ಲಿಸಿದ ಚಾಲುಕ್ಯ ವಿಕ್ರಮ ವರ್ಷವು ಕ್ರಮೇಣ ಬಳಕೆ ತಪ್ಪಿತು. ನೊಳಂಬವಾಡಿಯ ಊರುಗಳಲ್ಲಿ ದಾನವನ್ನು ಬರೆಯಿಸುವವರು ಮರಳಿ ಶಕವರ್ಷವನ್ನೇ ಹಿಡಿದರು.